ನೀರಪ್ಪನವರ ಆರಡಿ ತೊಟ್ಟಿ

ನೀರಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರಿಗೆ ಕುಡಿಯುವ ನೀರು ಬಿಡುವ ಶುದ್ಧೀಕರಣ ಘಟಕದಲ್ಲಿ ಮೀಸೆ ಚಿಗುರುವ ವಯಸ್ಸಿನಿಂದ ದುಡಿದವರು. ನಲ್ಲಿ ಒಣಗಿದ ದಿನ ಬೈಯುವುದಕ್ಕೆ ಬೀದಿಯವರಿಗೆ ಒಂದು ಹೆಸರು ಬೇಕಿತ್ತು, ಇಟ್ಟುಕೊಂಡರು. ನೀರು ಬಂದ ದಿನ ಆ ಹೆಸರು ಯಾರ ಬಾಯಲ್ಲೂ ಇರುತ್ತಿರಲಿಲ್ಲ.

ನದಿಯಿಂದ ಬಂದ ರಾಡಿಗೆ ಪಟಿಕ ಹಾಕಿ ಕೆಸರು ಇಳಿಸುವುದು, ಮರಳಿನಲ್ಲಿ ಸೋಸುವುದು, ಕಡೆಗೆ ಕ್ಲೋರಿನ್ ಕೊಟ್ಟು ಹುಳು ಸಾಯಿಸುವುದು. ಈ ಕಡೆಯ ಕೆಲಸ ಅವರದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಯಾವುದೇ ಇರಲಿ, ಅವರ ಬಾಯಲ್ಲಿ ಅದು ಹುಳು. ಅಂಗೈಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಹೋದದ್ದೇ ಇಲ್ಲ. ಯಾರ ಮನೆಗೆ ಹೋದರೂ ಗಾಜಿನ ಲೋಟವನ್ನೇ ಕೇಳಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ನೀರು ಕುಡಿಯುವುದು. ನನ್ನ ಅಂಗಡಿಯಲ್ಲಂತೂ ಒಂದು ಗುಟುಕೂ ಇಲ್ಲ. ನನ್ನದು ಬಣ್ಣದ ಮೀನಿನ ಅಂಗಡಿ.

"ನಿಮ್ಮಲ್ಲಿ ಯಾವುದು ಮನುಷ್ಯರ ನೀರು, ಯಾವುದು ಮೀನಿಂದು ಅಂತ ಗೊತ್ತಾಗಲ್ಲ ಸಾವ್ಕಾರ್ರೇ" ಅನ್ನುತ್ತಿದ್ದರು. ಸಾವ್ಕಾರ ಅಂತ ಕರೆದದ್ದು ಗೇಲಿಗೆ. ಗಾಜಿನ ಪೆಟ್ಟಿಗೆಗಳ ನಡುವೆ ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು ನಿಂತವನನ್ನು ಬೇರೆ ಯಾರೂ ಹಾಗೆ ಕರೆದಿಲ್ಲ.

ಅವರಿಗೆ ಒಬ್ಬನೇ ಮಗ. ಅಪ್ಪ ನನ್ನ ಅಂಗಡಿಯ ನೀರು ಮುಟ್ಟದಿದ್ದರೆ ಮಗ ಮೊಣಕೈವರೆಗೆ ಅದರಲ್ಲೇ. ಒಂದು ದಿನ ಬೆರಳುದ್ದದ, ಆಸ್ಕರ್ ಅನ್ನುವ ಜಾತಿಯ ಮೀನುಮರಿಯೊಂದನ್ನು ಆರಿಸಿಕೊಂಡ.

"ಇದು ತಟ್ಟೆಯಷ್ಟು ಅಗಲ ಬೆಳೆಯುತ್ತೆ ಕಣೋ, ನಿನ್ನ ತೊಟ್ಟಿ ಸಾಲಲ್ಲ" ಅಂದೆ.

"ಆಗ ದೊಡ್ಡದು ತಗೊಂಡ್ರಾಯ್ತು ಅಣ್ಣಾ" ಅಂದ. ಇಂಥ ಮಾತಿಗೆ ಯಾವ ವ್ಯಾಪಾರಿಯೂ ಎದುರಾಡುವುದಿಲ್ಲ.

ಆ ಮರಿ ಜೊತೆಗಿದ್ದ ಸಣ್ಣ ಮೀನುಗಳನ್ನು ಒಂದೊಂದಾಗಿ ಮುಗಿಸಿ, ತೊಟ್ಟಿಗೆ ತಾನೊಬ್ಬನೇ ಯಜಮಾನನಾಗಿ, ರೌಡಿ ಅನ್ನಿಸಿಕೊಂಡಿತು. ಹುಡುಗ ಬೆರಳು ಅದ್ದಿದರೆ ಬಂದು ಕಚ್ಚಿ, ಹಿಂದೆ ಸರಿದು, ಇನ್ನೊಂದು ಸಲ ಕಚ್ಚಲಾ ಅಂತ ನೋಡುವುದು. ಅವನಿಗೆ ಅದೇ ಖುಷಿ.

ಓದು ಮುಗಿಸಿ ಅವನು ಬೇರೆ ಊರಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತ. ರೌಡಿಯನ್ನು ಅಮ್ಮನಿಗೆ ಒಪ್ಪಿಸಿ ಹೋಗಿದ್ದ. ಬಾಡಿಗೆ ಕೋಣೆ, ಮಾಳಿಗೆ ಮೇಲೆ ಮುಚ್ಚಳವಿಲ್ಲದ ಟ್ಯಾಂಕು, ಎಲ್ಲರೂ ಅದೇ ನೀರು ಕುಡಿದರು. ಕಣ್ಣು ಹಳದಿಯಾದಾಗಲೂ ಮನೆಗೆ ಹೇಳಲಿಲ್ಲ. ಹೇಳುವ ಹೊತ್ತಿಗೆ ಪಿತ್ತಜನಕಾಂಗದಲ್ಲಿ ಏನೂ ಉಳಿದಿರಲಿಲ್ಲ. ನೀರಿಂದ ಬಂದದ್ದು ಅಂದರು ಡಾಕ್ಟರು. ಆಸ್ಪತ್ರೆಯ ಓಣಿಯಲ್ಲಿ, ಹೆಣ ಕೊಡಲಿ ಅಂತ ಕಾಯುತ್ತಾ ನಿಂತಿದ್ದಾಗ, ನೀರಪ್ಪನವರ ಹೆಂಡತಿ ಗಂಡನ ಕಡೆ ತಿರುಗಿ ಒಂದೇ ಮಾತು ಕೇಳಿದರಂತೆ: "ಊರಿನ ಮಕ್ಕಳಿಗೆಲ್ಲ ಹುಳು ಕೊಂದು ನೀರು ಕೊಟ್ರಲ್ಲ, ನಿಮ್ಮ ಮಗನಿಗೆ?"

ಅದಾದ ಮೇಲೆ ಗಂಡನ ಜೊತೆ ಮಾತು ಬಿಟ್ಟರು.

ಅಡುಗೆ ಬಿಡಲಿಲ್ಲ, ಅವರ ಬಟ್ಟೆ ಒಗೆಯುವುದು ಬಿಡಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ. ಮಾತು ಮಾತ್ರ ಇಲ್ಲ. ಆದರೆ ಸಂಸಾರ ಅಂದಮೇಲೆ ಹೇಳುವುದು ಕೇಳುವುದು ಇದ್ದೇ ಇರುತ್ತದಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೀನಿನ ಆಹಾರ ಕೊಡಲು ಹೋಗಿದ್ದೆ. ನೀರಪ್ಪನವರ ಹೆಂಡತಿಯನ್ನು ನಾನು ಅಕ್ಕ ಅನ್ನುವುದು. ಅಕ್ಕ ತೊಟ್ಟಿಯ ಮುಂದೆ ನಿಂತು, "ರೌಡಿ, ಅಡುಗೆ ಆಗಿದೆ ಅಂತ ಹೇಳು. ಗ್ಯಾಸ್ ಇವತ್ತೋ ನಾಳೆಯೋ ಅನ್ನೋ ಹಾಗಿದೆ, ಅದನ್ನೂ ಹೇಳು" ಅಂದರು. ನೀರಪ್ಪ ಮೂರು ಹೆಜ್ಜೆ ಆಚೆ ಕುರ್ಚಿಯಲ್ಲಿದ್ದರು. "ರೌಡಿ, ಸಂಜೆ ಬರ್ತಾ ಬುಕ್ ಮಾಡ್ತೀನಿ ಅಂತ ಹೇಳಪ್ಪ" ಅಂದರು. ರೌಡಿ ಇಬ್ಬರನ್ನೂ ಒಮ್ಮೆ ನೋಡಿ ಬಾಯಿ ತೆರೆದು ಮುಚ್ಚಿತು.

ನಗು ಬಂತು. ನೀರಪ್ಪನವರ ಮುಖ ನೋಡಿ ನುಂಗಿಕೊಂಡೆ. ಮೀನನ್ನು ಅಂದಕ್ಕೆ ಕೊಂಡವರು ಗೊತ್ತು, ವಾಸ್ತುವಿಗೆ ಕೊಂಡವರು ಗೊತ್ತು, ಪಕ್ಕದ ಮನೆಯವರ ಹೊಟ್ಟೆ ಉರಿಸಲು ಕೊಂಡವರಂತೂ ಬೇಕಾದಷ್ಟು. ದಂಪತಿಗಳ ನಡುವೆ ಮಾತು ದಾಟಿಸುವ ಕೆಲಸ ಮೀನಿಗೆ ಬಿದ್ದದ್ದನ್ನು ಅಲ್ಲೇ ನೋಡಿದ್ದು.

ಒಂದು ದಿನ ನೀರಪ್ಪ ಅಂಗಡಿಗೆ ಬಂದರು, ಗೇಲಿ ಮಾಡಲಿಲ್ಲ.

"ರೌಡಿಗೆ ತಿರುಗೋಕೆ ಆಗ್ತಿಲ್ಲ."

ಹೋಗಿ ನೋಡಿದೆ. ತಟ್ಟೆಯಷ್ಟು ಅಲ್ಲ, ಪರಾತದಷ್ಟು ಬೆಳೆದಿತ್ತು. ಅತ್ತ ಮೂತಿ ಗಾಜಿಗೆ, ಇತ್ತ ಬಾಲ ಗಾಜಿಗೆ. ಮೂತಿಯ ತೊಗಲು ಉಜ್ಜಿ ಉಜ್ಜಿ ಕೆಂಪಗೆ ಹುಣ್ಣಾಗಿತ್ತು.

"ಇದರಲ್ಲೇ ಇಟ್ರೆ?" ಅಂದರು.

"ಬಹಳ ದಿನ ಇರಲ್ಲ."

ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಇವನು ಹೋದ್ರೆ ಈ ಮನೇಲಿ ಮಾತು ಅನ್ನೋದೇ ನಿಂತ್ಹೋಗುತ್ತೆ ಸಾವ್ಕಾರ್ರೇ. ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದು ಮಾಡಿ."

ನಡುಮನೆಯ ಗೋಡೆಯುದ್ದಕ್ಕೆ ಆರಡಿಯ ತೊಟ್ಟಿ ಅಂತ ಆಯಿತು. ಕಬ್ಬಿಣದ ಸ್ಟ್ಯಾಂಡು ಬಂತು. ನೀರು ತುಂಬಿದ ಮೇಲೆ ಎಮ್ಮೆಗಿಂತ ಭಾರ. ನೆಲ ಒಂದು ಕಡೆ ತಗ್ಗಿದ್ದರೂ ಗಾಜು ಸೀಳುತ್ತದೆ. ರಸಮಟ್ಟ ಇಟ್ಟು ನೋಡಿ, ಒಂದು ಕಾಲಿಗೆ ತಗಡಿನ ಚೂರು ಕೊಟ್ಟು, ಥರ್ಮೋಕೋಲ್ ಹಾಳೆ ಹಾಸಿ, ಅದರ ಮೇಲೆ ತೊಟ್ಟಿ ಕೂರಿಸಿದೆವು. ಗಾಜಿನ ಬೆಸುಗೆಯ ಕೆಳಗೆ ಹಳೆಯ ಪೇಪರ್ ಹರಡಿ ರಾತ್ರಿಯೆಲ್ಲ ನೀರು ನಿಲ್ಲಿಸಿ, ಬೆಳಿಗ್ಗೆ ಪೇಪರ್ ಒಣಗಿದೆಯಾ ನೋಡಿದೆವು. ತಳಕ್ಕೆ ಹಾಕುವ ಕಲ್ಲನ್ನು ತೊಳೆಯುವ ಕೆಲಸ ನೀರಪ್ಪ ನನಗೆ ಬಿಡಲಿಲ್ಲ. ಅವರು ತೊಳೆದ ಕಲ್ಲನ್ನು ಮೀನಿಗೆ ಹಾಕುವುದಕ್ಕಿಂತ ಅನ್ನಕ್ಕೆ ಬೆರೆಸಬಹುದಿತ್ತು.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೂರಿಸಿಕೊಂಡು ಹೇಳಿದೆ.

"ನೋಡಿ, ಮೀನು ನೀರಲ್ಲೇ ತಿಂದು ನೀರಲ್ಲೇ ಹೇಲುತ್ತೆ. ಅದರಿಂದ ಅಮೋನಿಯಾ ಆಗುತ್ತೆ. ಕಣ್ಣಿಗೆ ಕಾಣಲ್ಲ, ನೀರು ಕನ್ನಡಿ ಥರಾನೇ ಇರುತ್ತೆ, ಆದರೆ ಕಿವಿರು ಸುಡುತ್ತೆ. ಅದನ್ನ ತಿಂದು ಬದುಕೋ ಒಂದು ಜಾತಿ ಹುಳು ಇದೆ, ನಿಮ್ಮ ಭಾಷೇಲಿ. ಅದು ತಿಂದು ಬಿಟ್ಟದ್ದೂ ವಿಷವೇ. ಅದನ್ನ ತಿನ್ನೋಕೆ ಇನ್ನೊಂದು ಜಾತಿ. ಎರಡೂ ಫಿಲ್ಟರಿನ ಸ್ಪಂಜಲ್ಲಿ ಸಂಸಾರ ಹೂಡಬೇಕು. ನಾವು ಅದಕ್ಕೆ ತೊಟ್ಟಿ ಸೈಕಲ್ ಆಗೋದು ಅಂತೀವಿ. ಹೊಸ ತೊಟ್ಟೀಲಿ ಅವು ತಾವಾಗಿ ಬೆಳೀಬೇಕಂದ್ರೆ ತಿಂಗಳ ಮೇಲಾಗುತ್ತೆ. ಅಷ್ಟು ಪುರುಸೊತ್ತು ರೌಡಿಗಿಲ್ಲ."

"ಹುಳು ಸಾಕಬೇಕು ಅಂತೀರಾ?"

"ಸಾಕಲೇಬೇಕು."

"ನಾನು?"

"ನೀವೇ."

ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ. "ಘಟಕದಲ್ಲಿ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಮಾರಾಯ್ರೇ."

ನನ್ನ ಅಂಗಡಿಯ ತೊಟ್ಟಿಯ ಹಳೆಯ ಸ್ಪಂಜು ಕೊಡುತ್ತೇನೆ ಅಂದೆ. "ಯಾವ್ಯಾವ ಮೀನಿನ ಏನೇನು ರೋಗವೋ! ಬೇಡ" ಅಂದರು. ಹಾಗಾದರೆ ರೌಡಿಯ ಹಳೆಯ ತೊಟ್ಟಿಯ ಸ್ಪಂಜನ್ನೇ ಹಾಗೇ ಎತ್ತಿ ಹೊಸ ಫಿಲ್ಟರಿಗೆ ಹಾಕಿ, ಅದರಲ್ಲಿರುವ ಹುಳು ಸಾಕು ಅಂದೆ. "ಕಂದು ಬಣ್ಣಕ್ಕಿದೆ, ಲೋಳೆಯಿದೆ ಅಂತ ಅಸಹ್ಯಪಡಬೇಡಿ. ನಲ್ಲಿ ನೀರು ಕೂಡ ಮುಟ್ಟಿಸಬೇಡಿ." ಅವರು ತಲೆಯಾಡಿಸಿದರು. ಗಿರಾಕಿಗಳು ತಲೆಯಾಡಿಸುವುದರಲ್ಲಿ ನೂರು ಥರ ಇದೆ. ಅವರದು ಒಪ್ಪಿಕೊಂಡ ಥರವೇ ಇತ್ತು.

ಮಾರನೆಯ ದಿನ ಅವರೇ ಮೀನು ಸಾಗಿಸಿದರು. ಏನಾಯಿತು ಅನ್ನುವುದು ಆಮೇಲೆ ಗೊತ್ತಾದದ್ದು. ಹಳೆಯ ಫಿಲ್ಟರ್ ಬಿಚ್ಚಿ ಸ್ಪಂಜು ಕೈಗೆ ತೆಗೆದುಕೊಂಡರಂತೆ. ಬೆರಳ ಸಂದಿಯಲ್ಲಿ ಕಂದು ಲೋಳೆ ಇಳಿಯಿತು. ಬಚ್ಚಲಲ್ಲಿ ಅದನ್ನೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರಂತೆ. ಮಗನನ್ನು ತಿಂದದ್ದು ಯಾವುದೋ ಟ್ಯಾಂಕಿನ ತಳದ ಇಂಥದ್ದೇ ಲೋಳೆ. ಕೈ ಕೇಳಲಿಲ್ಲ. ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಕದಡಿ ಅದನ್ನು ಅದ್ದಿದರು. ಹಿಂಡಿದರು, ಮತ್ತೆ ಅದ್ದಿದರು. ಕ್ಲೋರಿನ್ ಮೀನಿಗೆ ಆಗುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಲೋರಿನ್ ಕಳೆಯುವ ಔಷಧದಲ್ಲಿ ನೆನೆಹಾಕಿ, ಘಟಕದಲ್ಲಿ ಮಾಡುವ ಹಾಗೆಯೇ ನಳಿಕೆಯಲ್ಲಿ ಪರೀಕ್ಷೆ ಮಾಡಿ, ಕ್ಲೋರಿನ್ ಇದ್ದರೆ ಬರುವ ಹಳದಿಯ ಸುಳಿವೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೊಸ ಫಿಲ್ಟರಿಗೆ ತುರುಕಿದರು. ಅವರ ಕಸುಬಿನ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲದ ಕೆಲಸ.

ಮೊದಲ ವಾರ ಆ ಮನೆಯಲ್ಲಿ ಸಡಗರವೇ ಇತ್ತು ಅನ್ನಬೇಕು. ರೌಡಿ ಈ ತುದಿಯಿಂದ ಆ ತುದಿಗೆ ಈಜಿ, ತಿರುಗಿ, ಮತ್ತೆ ಈಜಿತು. ಅಕ್ಕ ಕುರ್ಚಿಯನ್ನು ನಡುಮನೆಗೆ ಎಳೆದುಕೊಂಡು ಬಂದು ಕೂತರು. ಒಂದು ಕಾಳು ಹಾಕುವಲ್ಲಿ ನಾಲ್ಕು ಹಾಕಿದರು. "ರೌಡಿ, ಅರಮನೆ ಚೆನ್ನಾಗಿದೆ ಅಂತ ಹೇಳು" ಅಂದರಂತೆ. ಈ ಮಾತನ್ನು ನೀರಪ್ಪ ಅಂಗಡಿಗೆ ಬಂದು ನನಗೆ ಹೇಳಿ, ಹೇಳಿದ್ದು ಸಾಲದು ಅಂತ ಇನ್ನೊಮ್ಮೆ ಹೇಳಿ ಹೋದರು. "ನೀರು ಹೇಗಿದೆ?" ಅಂದೆ. "ಕನ್ನಡಿ!" ಅಂದರು.

ಆಮೇಲೆ ನೀರು ಹಾಲು ಕದಡಿದ ಹಾಗೆ ಮಬ್ಬಾಯಿತು. ಹೊಸ ತೊಟ್ಟಿಯಲ್ಲಿ ಅದು ಮಾಮೂಲು, ತಾನಾಗಿ ತಿಳಿಯಾಗುತ್ತದೆ. ಅವರು ಕಾಯಲಿಲ್ಲ. ಸ್ಪಂಜು ತೆಗೆದು ಮತ್ತೆ ಬ್ಲೀಚಿಂಗ್ ಸ್ನಾನ ಮಾಡಿಸಿದರು. ಏನೋ ಒಂದೆರಡು ಹುಳು ಬದುಕಿದ್ದರೆ ಅವೂ ಮುಗಿದವು.

ಕಡೆಗೆ ಒಂದು ಬೆಳಿಗ್ಗೆ ಅಕ್ಕ ತೊಟ್ಟಿಯ ಮುಂದೆ ನಿಂತು, "ರೌಡಿ, ನಿನ್ನೆಯಿಂದ ನೀನು ತಿಂತಿಲ್ಲ ಅಂತ ಹೇಳು" ಅಂದರಂತೆ. ಆಗ ನೀರಪ್ಪ ನನಗೆ ಫೋನ್ ಮಾಡಿದರು.

ರೌಡಿ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿತ್ತು. ಕಿವಿರು ಬೆಂದ ಹಾಗೆ ಕೆಂಪು. ನಾನು ಚೀಲದಿಂದ ನಳಿಕೆ ತೆಗೆದು ತೊಟ್ಟಿಯ ನೀರು ಹಿಡಿದು ಔಷಧದ ಹನಿ ಬಿಟ್ಟೆ. ಅಮೋನಿಯಾ ಇಲ್ಲದಿದ್ದರೆ ಹಳದಿ ನಿಲ್ಲಬೇಕು. ಕಡು ಹಸಿರಾಯಿತು. ಫಿಲ್ಟರ್ ಬಿಚ್ಚಿದೆ. ಒಳಗಿನ ಸ್ಪಂಜು ನನ್ನ ಅಂಗಡಿಯ ಗೂಟಕ್ಕೆ ತೂಗುಹಾಕಿದ ಹೊಸ ಸ್ಪಂಜಿಗಿಂತ ಶುಭ್ರವಾಗಿತ್ತು.

"ಇದನ್ನ ತೊಳೆದ್ರಾ?"

"ಮತ್ತೆ? ಗಲೀಜು ಇತ್ತಲ್ಲ!" ಅವರ ದನಿಯಲ್ಲಿ ಹೆಮ್ಮೆಯೇ ಇತ್ತು. "ಕ್ಲೋರಿನ್ ಚೂರೂ ಉಳಿದಿಲ್ಲ ಸಾವ್ಕಾರ್ರೇ, ನಾನೇ ನೋಡಿದೀನಿ. ಒಂದು ಹುಳೂ ಇಲ್ಲ."

"ಅದೇ" ಅಂದೆ. "ಒಂದೂ ಇಲ್ಲ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಹಸಿರು ನಳಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಣ್ಣ ನೋಡಿ ನೀರಿನ ಜಾತಕ ಹೇಳುವ ಮನುಷ್ಯ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಗಂಡನಿಗೂ ಏನೂ ಅನ್ನಲಿಲ್ಲ, ಮೀನಿಗೂ ಏನೂ ಅನ್ನಲಿಲ್ಲ.

ಓಡಿಹೋಗಿ ಅಂಗಡಿಯ ತೊಟ್ಟಿಯಿಂದ ಕೊಳಕು ಸ್ಪಂಜೊಂದನ್ನು ನೀರಿನ ಸಮೇತ ತಂದೆ. "ಇದನ್ನ ಫಿಲ್ಟರಿನ ಬಾಯಿಗೆ ಹಿಂಡಿ, ಪಕ್ಕಕ್ಕೇ ಸಿಕ್ಕಿಸಬೇಕು" ಅಂದೆ. ನೀರಪ್ಪ ಈ ಸಲ ಬೇಡ ಅನ್ನಲಿಲ್ಲ, ಕೈ ಚಾಚಿದರು. ಸ್ಪಂಜು ಹಿಡಿದು ತೊಟ್ಟಿಯ ಮೇಲೆ ನಿಲ್ಲಿಸಿದರು. ಹಿಂಡಲು ಬೆರಳು ಮಡಚಲಿಲ್ಲ. ಅಕ್ಕ ಬಂದು ಅವರ ಕೈಯಿಂದ ಅದನ್ನು ಕಿತ್ತುಕೊಂಡು ಬಟ್ಟೆ ಹಿಂಡುವ ಹಾಗೆ ಹಿಂಡಿದರು. ಕಂದು ಮೋಡ ನೀರಿನಲ್ಲಿ ಇಳಿಯಿತು. ನೀರಪ್ಪ ಮುಖ ತಿರುಗಿಸಿದರು.

ಅಲ್ಲಿಂದ ಮುಂದೆ ದಿನವೂ ನೀರು ಬದಲಿಸುವುದೇ ಕೆಲಸ. ಪೈಪಿನಲ್ಲಿ ಅರ್ಧ ತೊಟ್ಟಿ ಬಚ್ಚಲಿಗೆ ಹರಿಸುವುದು, ಡ್ರಮ್ಮಿನಲ್ಲಿ ಕ್ಲೋರಿನ್ ಕಳೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ತಂದು ನಿಧಾನಕ್ಕೆ ಸುರಿಯುವುದು. ಅಕ್ಕ ತುಂಬಿ ಕೊಡುವರು, ನೀರಪ್ಪ ಹೊರುವರು. ಒಂದು ಸಲ ಅಕ್ಕ, "ರೌಡಿ, ಬಕೆಟ್ ತುಂಬಿದೆ ಅಂತ…" ಅಂತ ಶುರು ಮಾಡಿ, ತೊಟ್ಟಿಯ ಕಡೆ ನೋಡಿ, ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಬಕೆಟ್ಟನ್ನು ನೆಲಕ್ಕೆ ಕುಟ್ಟಿ ಸದ್ದು ಮಾಡತೊಡಗಿದರು. ನೀರಪ್ಪ ಸದ್ದಿಗೆ ಬಂದು ಎತ್ತಿಕೊಂಡು ಹೋಗುವರು. ಮನೆಯಲ್ಲಿ ಉಳಿದ ಮಾತು ಅಷ್ಟೇ.

"ಉಳೀತಾನಾ?" ಅಂತ ನೀರಪ್ಪ ಗೇಟಿನ ಹತ್ತಿರ ಕೇಳುವರು.

"ನೋಡೋಣ" ಅನ್ನುತ್ತಿದ್ದೆ. ಅಂಗಡಿಯವರಿಗೂ ಡಾಕ್ಟರಿಗೂ ಹೊಂದುವ ಮಾತು ಅದು. ಸುಟ್ಟ ಕಿವಿರು ಮತ್ತೆ ಚಿಗುರುವುದು ಅಪರೂಪ ಅಂತ ನನಗೆ ಗೊತ್ತಿತ್ತು. ಕೇಳುತ್ತಿದ್ದವರಿಗೂ ಗೊತ್ತಿತ್ತು ಅನ್ನಿಸುತ್ತದೆ.

ಒಂದು ಮಧ್ಯಾಹ್ನ ನೀರು ಪರೀಕ್ಷೆ ಮಾಡಲು ಹೋದೆ. ನೀರಪ್ಪ ಪಾಳಿಗೆ ಹೋಗಿದ್ದರು. ನಳಿಕೆಯಲ್ಲಿ ಬಣ್ಣ ಹೆಚ್ಚುಕಡಿಮೆ ಹಳದಿಗೇ ನಿಂತಿತು. ಸ್ಪಂಜಿನಲ್ಲಿ ಹುಳು ನೆಲೆಯೂರಿತ್ತು, ತೊಟ್ಟಿ ಸೈಕಲ್ ಆಗುತ್ತಾ ಬಂದಿತ್ತು. ಹೇಳೋಣ ಅಂತ ತಿರುಗಿದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ನಿಂತಿದ್ದರು. ಭುಜದವರೆಗೆ ತೋಳು ನೀರಿನಲ್ಲಿ. ಪಕ್ಕಕ್ಕೆ ಒರಗಿ ಬೀಳುವ ರೌಡಿಯ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನೆಟ್ಟಗೆ ಹಿಡಿದಿದ್ದರು. ಬೆರಳು ಕಂಡರೆ ಕಚ್ಚುತ್ತಿದ್ದ ಮೀನು ಸುಮ್ಮನೆ ಕೂತಿತ್ತು. ಬಾಯಿ ತೆರೆಯುವುದು ನಿಧಾನವಾಯಿತು. ನಿಂತಿತು. ಅವರು ಆಮೇಲೂ ಕೈ ತೆಗೆಯಲಿಲ್ಲ. ನೀರು ಶುದ್ಧವಾಗಿದೆ ಅನ್ನುವುದನ್ನು ನಾನು ಹೇಳಲಿಲ್ಲ.

"ಫೋನ್ ಮಾಡ್ಲಾ ಅಕ್ಕ, ಅಣ್ಣನಿಗೆ?"

"ಬೇಡ. ನಾನೇ ಹೋಗ್ತೀನಿ."

ತೋಳು ಒರೆಸಿಕೊಂಡು ಚಪ್ಪಲಿ ಮೆಟ್ಟಿದರು. ಒಬ್ಬರನ್ನೇ ಕಳಿಸುವುದು ಹೇಗೆ ಅಂತ ನಾನೂ ಹಿಂದೆ ಹೋದೆ. ಘಟಕದ ಕಾವಲುಗಾರ ಅವರನ್ನು ನೋಡಿ ಎದ್ದು ನಿಂತ. ಮಗ ತೀರಿದ ಮೇಲೆ ಅವರು ಆ ಗೇಟು ದಾಟಿರಲಿಲ್ಲ. ಕ್ಲೋರಿನ್ ಕೋಣೆಯ ಬಾಗಿಲು ತೆರೆದಿತ್ತು. ನೀರಪ್ಪ ನಮಗೆ ಬೆನ್ನು ಹಾಕಿ, ನಳಿಕೆಯನ್ನು ಬೆಳಕಿಗೆ ಹಿಡಿದು ಊರಿನ ನೀರಿನ ಬಣ್ಣ ನೋಡುತ್ತಿದ್ದರು.

"ರೀ" ಅಂದರು ಅಕ್ಕ.

ಅವರು ತಕ್ಷಣ ತಿರುಗಲಿಲ್ಲ. ಬೆನ್ನು ಮಾತ್ರ ಸ್ವಲ್ಪ ಕುಸಿಯಿತು. ನಳಿಕೆಯನ್ನು ಜೋಪಾನವಾಗಿ ಅದರ ಜಾಗದಲ್ಲಿ ಸಿಕ್ಕಿಸಿ, ಆಮೇಲೆ ತಿರುಗಿದರು.

"ಹೋದ್ನಾ?"

"ಹೂಂ."

ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ರೌಡಿ ಇದ್ದಿದ್ದರೆ ಆ ಬಾಯಿಂದ "ರೀ" ಬರುತ್ತಿರಲಿಲ್ಲ.

ನೀರಪ್ಪ ಮೆಟ್ಟಿಲ ಮೇಲೆ ಕೂತರು. "ಅವನನ್ನೂ ನಾನೇ ಕೊಂದೆ" ಅಂದರು. "ಇವನನ್ನೂ ನಾನೇ."

"ಅವನನ್ನ ನೀವು ಕೊಲ್ಲಲಿಲ್ಲ." ಅಕ್ಕನ ದನಿ ಎತ್ತರವೂ ಇರಲಿಲ್ಲ, ಮೆತ್ತಗೂ ಇರಲಿಲ್ಲ. "ಆವತ್ತು ಆಸ್ಪತ್ರೇಲಿ ನಾನು ಆಡಿದ್ದು ಆಡಬಾರದ ಮಾತು. ಅವನು ಕುಡಿದದ್ದು ನಿಮ್ಮ ನೀರಲ್ಲ. ನಿಮ್ಮ ನೀರು ಕುಡಿದಷ್ಟು ದಿನ ಅವನಿಗೆ ಒಂದು ಹೊಟ್ಟೆನೋವೂ ಬಂದಿರಲಿಲ್ಲ."

ನೀರಪ್ಪ ತಲೆ ಎತ್ತಿದರು.

"ಇವನನ್ನ ಕೊಂದ್ರಿ" ಅಂದರು ಅಕ್ಕ. "ತೊಳೀಬೇಡಿ ಅಂತ ಇವರು ಅಷ್ಟು ಬಡ್ಕೊಂಡ್ರೂ ತೊಳೆದ್ರಿ. ಇದು ನಿಮ್ಮದೇ. ಇದನ್ನ ಇಲ್ಲ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ."

ನಾನು ಏನೋ ಸಮಾಧಾನದ ಮಾತಿಗೆ ಬಾಯಿ ತೆರೆದೆ. ನೀರಪ್ಪ ಕೈ ಎತ್ತಿ ಬೇಡ ಅಂದರು. ಹೆಂಡತಿಯ ಮುಖವನ್ನು ಒಂದೇ ಸಮ ನೋಡುತ್ತಿದ್ದರು. ಆಮೇಲೆ, "ಹೂಂ" ಅಂದರು. "ಇದು ನಂದೇ."

ಒಳಗೆ ಗಂಟೆ ಹೊಡೆಯಿತು. ಸಂಜೆಯ ನೀರು ಬಿಡುವ ಮುಂಚೆ ಕ್ಲೋರಿನ್ ಕೊಡಬೇಕು. ಅವರು ಮಂಡಿಗೆ ಕೈ ಊರಿ ಎದ್ದು ಒಳಗೆ ಹೋಗಿ ಚಕ್ರ ತಿರುಗಿಸಿ ಬಂದರು. ಊರಿಗೆ ಕುಡಿಯಲು ಬೇಕಲ್ಲ. ಅಕ್ಕ ಬೆಂಚಿನ ಮೇಲೆ ಕೂತಿದ್ದರು. ನೀರಪ್ಪ ಪಕ್ಕದಲ್ಲಿ ಒಂದು ಆಳು ಕೂರುವಷ್ಟು ಜಾಗ ಬಿಟ್ಟು ಕೂತರು. ಅಂಗಡಿ ಹಾಗೇ ತೆರೆದು ಬಂದಿದ್ದೆ, ಹೊರಟೆ. ಬೆನ್ನ ಹಿಂದೆ ಮಾತು ಕೇಳಿಸಿತು.

"ಎಲ್ಲಿ ಹೂಳೋದು?"

"ಹಿತ್ತಲಲ್ಲಿ."

"ನಾಯಿ ಕೆದಕುತ್ತೆ ಕಣ್ರೀ."

"ಆಳವಾಗಿ ತೋಡ್ತೀನಿ."

"ನಿಮ್ಮ ಸೊಂಟಕ್ಕೆ ಆಗಲ್ಲ."

"ಮತ್ತೆ ಏನು ಮಾಡೋಣ ಅಂತೀಯ?"

"ಇಲ್ಲಿಂದ ಹಾರೆ ತಗೊಳ್ಳಿ. ಅರ್ಧ ನಾನು ತೋಡ್ತೀನಿ."